ಬೀದಿಗೆ ಬಿಸಿ ಸುರಿಯದ ತಂಪು

ಮೊನಾಲಿಸಾ ಚಿತ್ರ ನೋಡಲು ಲೂವ್ರ್ ಮ್ಯೂಸಿಯಂಗೆ ಜನ ಕಡುಬೇಸಿಗೆಯಲ್ಲೂ ಮುಗಿಬೀಳುತ್ತಾರೆ. ಅಷ್ಟು ಜನರ ಮೈಬಿಸಿ, ಹೊರಗಿನ ಝಳ ಎರಡನ್ನೂ ತಡೆದು ಆ ಕಟ್ಟಡವನ್ನು ತಣ್ಣಗಿಡುವ ನೀರು ಬರುವುದು ಪ್ಯಾರಿಸಿನ ಒಳಚರಂಡಿಗಳ ದಾರಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂಜೆನ್ ಬೆಲ್‌ಗ್ರಾನ್ ಎಂಬ ಎಂಜಿನಿಯರ್ ಕಟ್ಟಿಸಿದ, ಮನುಷ್ಯರು ನಿಂತು ನಡೆದಾಡಬಹುದಾದ ಸುರಂಗಗಳು ಅವು. ಕೊಳಚೆ ತಳದಲ್ಲಿ ಹರಿಯುತ್ತದೆ. ಅದರ ಮೇಲೆ ಕವಚ ತೊಟ್ಟ ಜೋಡಿ ಕೊಳವೆಗಳು ಹಾದುಹೋಗುತ್ತವೆ. ಒಂದರಲ್ಲಿ ಐದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣೀರು ಕಟ್ಟಡಗಳತ್ತ ಸಾಗುತ್ತದೆ. ಅದೇ ನೀರು ಕಟ್ಟಡಗಳ ಬಿಸಿ ಹೀರಿಕೊಂಡು, ಹತ್ತು ಡಿಗ್ರಿಗೂ ಮೇಲೇರಿ ಇನ್ನೊಂದರಲ್ಲಿ ಹಿಂದಿರುಗುತ್ತದೆ. ಊರಿನ ಕೆಲವೇ ಸ್ಥಾವರಗಳಲ್ಲಿ ಅದನ್ನು ಮತ್ತೆ ತಣಿಸಿ ಕಳಿಸುತ್ತಾರೆ. ಕಟ್ಟಡದ ನೆಲಮಾಳಿಗೆಯಲ್ಲಿ ಬಿಸಿ ದಾಟಿಸುವ ಒಂದು ಹೀಟ್ ಎಕ್ಸ್‌ಚೇಂಜರ್ ಇದ್ದರೆ ಸಾಕು. ಮಾಳಿಗೆಯ ಮೇಲೆ ಯಂತ್ರವಿಲ್ಲ, ಕಿಟಕಿಯ ಹೊರಗೆ ಡಬ್ಬವಿಲ್ಲ, ಬೀದಿಗೆ ಬಿಸಿಗಾಳಿ ಇಲ್ಲ.

ಎಂಜಿನಿಯರುಗಳು ಇದನ್ನು ಡಿಸ್ಟ್ರಿಕ್ಟ್ ಕೂಲಿಂಗ್ ಎನ್ನುತ್ತಾರೆ. ನಾನಿಲ್ಲಿ ತಂಪು ಜಾಲ ಎಂದು ಕರೆಯುತ್ತೇನೆ. ನಮ್ಮ ನಗರಗಳಲ್ಲಿ ಇದರ ಬಗ್ಗೆ ಮಾತು ಕಡಿಮೆ. ಏಸಿ ಎಂದರೆ ಅವರವರ ಮನೆಯ, ಅವರವರ ಜೇಬಿನ ವಿಷಯ ಎಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಆದರೆ ಅದು ಹಾಗಿಲ್ಲ.

ಏಸಿ ಮಾಡುವುದು ಬಿಸಿಯನ್ನು ಸಾಗಹಾಕುವ ಕೆಲಸ. ಒಂದು ಯೂನಿಟ್ ವಿದ್ಯುತ್ ಖರ್ಚು ಮಾಡಿ ಕೋಣೆಯಿಂದ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ತೆಗೆದರೆ, ಹೊರಗೆ ಬೀಳುವುದು ನಾಲ್ಕು ಯೂನಿಟ್ ಬಿಸಿ. ಕಂಪ್ರೆಸರ್ ನುಂಗಿದ ವಿದ್ಯುತ್ ಕೂಡ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಅದು ಹೊರಬೀಳುವ ಜಾಗದಲ್ಲಿ ತಳ್ಳುಗಾಡಿಯ ಹಣ್ಣಿನವರಿದ್ದಾರೆ, ಪೌರಕಾರ್ಮಿಕರಿದ್ದಾರೆ, ಡೆಲಿವರಿ ಹುಡುಗರಿದ್ದಾರೆ, ಏಸಿ ಕೊಳ್ಳಲಾಗದ ಪಕ್ಕದ ಮನೆಯವರಿದ್ದಾರೆ. ಅಮೆರಿಕದ ಫೀನಿಕ್ಸ್ ನಗರದ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಏಸಿಗಳು ಉಗುಳುವ ಬಿಸಿಯಿಂದಲೇ ಆ ನಗರದ ರಾತ್ರಿಯ ತಾಪಮಾನ ಕೆಲವೆಡೆ ಒಂದು ಡಿಗ್ರಿಗಿಂತ ಹೆಚ್ಚು ಏರುತ್ತದೆ ಎಂದು ಕಂಡುಕೊಂಡಿತು. ಪ್ಯಾರಿಸಿನಲ್ಲಿ ಏಸಿ ಬಳಕೆ ಎರಡು ಪಟ್ಟಾದರೆ ರಾತ್ರಿ ಬೀದಿಗಳು ಎರಡು ಡಿಗ್ರಿಯಷ್ಟು ಬಿಸಿಯಾಗಬಹುದು ಎಂದು ಫ್ರೆಂಚ್ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬೀದಿ ಬಿಸಿಯಾದಷ್ಟೂ ಏಸಿಗೆ ಕೆಲಸ ಹೆಚ್ಚು, ಕೆಲಸ ಹೆಚ್ಚಿದಷ್ಟೂ ಬೀದಿ ಇನ್ನಷ್ಟು ಬಿಸಿ. ಉಳ್ಳವರು ಕಿಟಕಿ ಮುಚ್ಚಿಕೊಂಡು ಈ ಸುತ್ತಿನಿಂದ ಪಾರಾಗುತ್ತಾರೆ. ಉಳಿದವರಿಗೆ ಆ ದಾರಿಯಿಲ್ಲ. ತಂಪು ಜಾಲದ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಈ ಅನ್ಯಾಯ. ವಿದ್ಯುತ್ ಉಳಿತಾಯ ಆಮೇಲಿನ ಮಾತು.

ಕಲ್ಪನೆ ಹೊಸದಲ್ಲ. 1889ರಲ್ಲೇ ಅಮೆರಿಕದ ಡೆನ್ವರ್ ಪಟ್ಟಣದಲ್ಲಿ ಕೊಳವೆಗಳ ಮೂಲಕ ತಂಪನ್ನು ಮಾರಲು ಶುರು ಮಾಡಿದ್ದರು. ಮಾಂಸ, ಹಣ್ಣು ಕೆಡದಂತೆ ಇಡುವ ಗೋದಾಮುಗಳು ಅದರ ಗಿರಾಕಿಗಳು. ಕಟ್ಟಡಗಳನ್ನು ತಣಿಸುವ ಆಧುನಿಕ ಜಾಲ 1962ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಬಂತು. ಪ್ಯಾರಿಸಿನ ಜಾಲಕ್ಕೆ ಇಂದಿನ ರೂಪ ಬಂದದ್ದು 1991ರಲ್ಲಿ. 2022ರ ಹೊತ್ತಿಗೆ ಅದರ ಉದ್ದ ಸುಮಾರು 90 ಕಿಲೋಮೀಟರ್, ಯುರೋಪಿನಲ್ಲೇ ದೊಡ್ಡದು. ನಗರಸಭಾ ಭವನ, ಸಂಸತ್ತು, ದೊಡ್ಡ ಅಂಗಡಿಗಳು, ಕಚೇರಿಗಳು ಸೇರಿ 700ಕ್ಕೂ ಹೆಚ್ಚು ಕಟ್ಟಡಗಳು ಅದಕ್ಕೆ ಅಂಟಿಕೊಂಡಿವೆ.

ಅಲ್ಲಿನ ಸೇನ್ ನದಿಯ ಪಾತ್ರ ಸ್ವಾರಸ್ಯದ್ದು. ಕೊಳವೆಗಳಲ್ಲಿ ಓಡಾಡುವುದು ನದಿಯ ನೀರಲ್ಲ, ಕೊಳವೆಗಳ ನೀರು ಮುಚ್ಚಿದ ಸುತ್ತಿನಲ್ಲೇ ತಿರುಗುತ್ತಿರುತ್ತದೆ. ದಡದ ಸ್ಥಾವರಗಳಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರಗಳು ಹೊರದೂಡುವ ಬಿಸಿಯನ್ನು ನದಿನೀರು ಒಯ್ಯುತ್ತದೆ. ಚಳಿಗಾಲದಲ್ಲಿ ನದಿಯ ತಾಪಮಾನ ಎಂಟು ಡಿಗ್ರಿಗಿಂತ ಕೆಳಗಿಳಿದಾಗ ಚಿಲ್ಲರ್‌ಗಳನ್ನೇ ನಿಲ್ಲಿಸಿ, ನದಿಯ ತಂಪನ್ನು ನೇರವಾಗಿ ಜಾಲಕ್ಕೆ ದಾಟಿಸುತ್ತಾರೆ. ಆಗ ಖರ್ಚಾಗುವುದು ಹೆಚ್ಚುಕಡಿಮೆ ಪಂಪುಗಳ ವಿದ್ಯುತ್ ಮಾತ್ರ. ಚಳಿಗಾಲದಲ್ಲಿ ತಂಪು ಯಾರಿಗೆ ಬೇಕು ಎಂದು ಕೇಳಬಹುದು. ಕಂಪ್ಯೂಟರ್ ಸರ್ವರ್‌ಗಳಿಗೆ ಬೇಕು, ಆಸ್ಪತ್ರೆಗಳಿಗೆ ಬೇಕು, ಜನ ಕಿಕ್ಕಿರಿಯುವ ಅಂಗಡಿಗಳಿಗೂ ಬೇಕು.

2003ರ ಬಿಸಿಗಾಳಿಯಲ್ಲಿ ಫ್ರಾನ್ಸ್‌ನಲ್ಲಿ ಸುಮಾರು 15,000 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಒಂಟಿಯಾಗಿ ಬದುಕುತ್ತಿದ್ದ ಮುದುಕ ಮುದುಕಿಯರು. 2019ರ ಜುಲೈ 25ರಂದು ಪ್ಯಾರಿಸಿನಲ್ಲಿ 42.6 ಡಿಗ್ರಿ ದಾಖಲಾಯಿತು, ಆ ನಗರದ ಚರಿತ್ರೆಯಲ್ಲೇ ಅತಿ ಹೆಚ್ಚು. ಇಷ್ಟಾದ ಮೇಲೆ ನಗರಾಡಳಿತ ಮಾಡಿದ ಕೆಲಸ ಮೆಚ್ಚುವಂಥದ್ದು. 2022ರಲ್ಲಿ ಜಾಲವನ್ನು ನಡೆಸುವ ಗುತ್ತಿಗೆಯನ್ನು ಇಪ್ಪತ್ತು ವರ್ಷಕ್ಕೆ ಹೊಸದಾಗಿ ಕೊಡುವಾಗ, 2042ರ ಹೊತ್ತಿಗೆ ಅದನ್ನು 252 ಕಿಲೋಮೀಟರಿಗೆ ಬೆಳೆಸಬೇಕು, ಆಸ್ಪತ್ರೆ, ಶಾಲೆ, ಶಿಶುವಿಹಾರ, ವೃದ್ಧಾಶ್ರಮಗಳಿಗೂ ಮುಟ್ಟಿಸಬೇಕು ಎಂದು ಗುರಿ ಇಟ್ಟಿತು. ಅಂಗಡಿ, ಬ್ಯಾಂಕು, ವಸ್ತುಸಂಗ್ರಹಾಲಯಗಳ ತಂಪು ಈಗ ಮಗುವಿನ ತೊಟ್ಟಿಲಿನವರೆಗೆ ಬರಬೇಕಾಗಿದೆ.

ಆದರೆ ನದಿಗೂ ತಾಳಿಕೆಯ ಮಿತಿ ಇದೆ. ಬಿಸಿಗಾಳಿಯ ದಿನಗಳಲ್ಲಿ ಸೇನ್ ನದಿಯೇ ಬೆಚ್ಚಗಾಗುತ್ತದೆ. ಅಂಥ ಹೊತ್ತಿನಲ್ಲಿ ಅದಕ್ಕೆ ಇನ್ನಷ್ಟು ಬಿಸಿ ಸೇರಿಸಿದರೆ ಮೀನುಗಳ ಉಸಿರು ಕಟ್ಟುತ್ತದೆ, ಏಕೆಂದರೆ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಹಾಗಾಗಿ ನದಿಗೆ ಮರಳಿಸುವ ನೀರು ಎಷ್ಟು ಬಿಸಿ ಇರಬಹುದು ಎಂಬುದಕ್ಕೆ ಕಾನೂನಿನ ಕಟ್ಟು ಇದೆ. ತಂಪು ಅತಿಯಾಗಿ ಬೇಕಾದ ದಿನವೇ ನದಿಯ ಸಹಾಯ ಕಡಿಮೆಯಾಗುತ್ತದೆ ಎಂಬುದನ್ನು ಯೋಜನೆ ಮಾಡುವವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೆನಡಾದ ಟೊರಾಂಟೊ ನಗರಕ್ಕೆ ಈ ಕಷ್ಟವಿಲ್ಲ. ಸಿಹಿನೀರು ಅತ್ಯಂತ ಸಾಂದ್ರವಾಗುವುದು ನಾಲ್ಕು ಡಿಗ್ರಿಯಲ್ಲಿ. ಆ ನೀರು ಭಾರವಾಗಿ ಸರೋವರದ ತಳ ಸೇರುತ್ತದೆ, ಬೇಸಿಗೆಯಲ್ಲೂ ಅಲ್ಲೇ ತಣ್ಣಗೆ ಉಳಿಯುತ್ತದೆ. ಒಂಟಾರಿಯೊ ಸರೋವರದೊಳಕ್ಕೆ ಸುಮಾರು ಐದು ಕಿಲೋಮೀಟರ್ ದೂರ, 83 ಮೀಟರ್ ಆಳಕ್ಕೆ ಕೊಳವೆ ಇಳಿಸಿ ಆ ನೀರನ್ನು ಎತ್ತುವ ವ್ಯವಸ್ಥೆ 2004ರಲ್ಲಿ ಶುರುವಾಯಿತು. ಇದರಲ್ಲಿ ನನಗೆ ತುಂಬ ಹಿಡಿಸಿದ ಜಾಣತನ ಒಂದಿದೆ. ಆ ನೀರು ಹೇಗಿದ್ದರೂ ಊರಿನ ಕುಡಿಯುವ ನೀರಾಗಲು ಹೊರಟದ್ದು. ಮನೆಗಳಿಗೆ ಹೋಗುವ ದಾರಿಯಲ್ಲಿ ಅದರ ತಂಪನ್ನಷ್ಟೇ ಹೀಟ್ ಎಕ್ಸ್‌ಚೇಂಜರ್ ಮೂಲಕ ತೆಗೆದುಕೊಳ್ಳುತ್ತಾರೆ. ಸರೋವರಕ್ಕೆ ಬಿಸಿನೀರು ವಾಪಸು ಹೋಗುವುದಿಲ್ಲ. ಒಂದೇ ನೀರು ಊರನ್ನು ತಣಿಸಿ, ಆಮೇಲೆ ಅದರ ಬಾಯಾರಿಕೆಯನ್ನೂ ನೀಗಿಸುತ್ತದೆ.

ನಮ್ಮಲ್ಲಿ ಅಂಥ ಸರೋವರವಿಲ್ಲ. ಬೆಂಗಳೂರಿನ ಕೆರೆಗಳು ಆಳವಿಲ್ಲದವು, ಬೇಸಿಗೆಯಲ್ಲಿ ಬಿಸಿಯಾಗುವಂಥವು. ಮಂಗಳೂರಿನ ಕಡಲು ವರ್ಷದ ಹೆಚ್ಚು ಕಾಲ ಬೆಚ್ಚಗೇ ಇರುತ್ತದೆ. ಹಾಗಾದರೆ ಉಷ್ಣವಲಯದ ನಾಡಿಗೆ ತಂಪು ಜಾಲದಿಂದ ಏನು ಸಿಗುತ್ತದೆ?

ಸಿಗುವುದು ಬಹಳ ಇದೆ, ಆದರೆ ಯಾವುದೂ ನಿಸರ್ಗದ ಪುಕ್ಕಟೆ ಕೊಡುಗೆಯಲ್ಲ. ಮೊದಲನೆಯದು ಯಂತ್ರದ ಗಾತ್ರ. ನೀರಿನಿಂದ ತಣಿಯುವ ದೊಡ್ಡ ಚಿಲ್ಲರ್ ಒಂದು ಯೂನಿಟ್ ವಿದ್ಯುತ್ತಿಗೆ ಐದಾರು ಯೂನಿಟ್ ಬಿಸಿ ತೆಗೆಯಬಲ್ಲದು. ಗೋಡೆಗೆ ಸಿಕ್ಕಿಸುವ ಏಸಿ ತೆಗೆಯುವುದು ಮೂರು, ಮೂರೂವರೆ. ಎರಡನೆಯದು ಹೊತ್ತಿನ ಹೊಂದಾಣಿಕೆ. ಕಚೇರಿಗೆ ತಂಪು ಬೇಕಾಗುವುದು ಮಧ್ಯಾಹ್ನ, ಹೋಟೆಲಿಗೆ ಮತ್ತು ಸಿನಿಮಾ ಮಂದಿರಕ್ಕೆ ಸಂಜೆ, ಮನೆಗೆ ರಾತ್ರಿ. ಪ್ರತಿ ಕಟ್ಟಡವೂ ತನ್ನ ಅತಿ ಬಿಸಿಯ ಗಳಿಗೆಗೆ ತಕ್ಕ ಯಂತ್ರ ಕೊಂಡು ವರ್ಷದ ಹೆಚ್ಚಿನ ಕಾಲ ಅದನ್ನು ಅರೆಬರೆ ಓಡಿಸುತ್ತದೆ. ಇಡೀ ಊಟದ ಪಂಕ್ತಿಗೆ ಒಂದೇ ಅಡುಗೆಮನೆ ಇದ್ದ ಹಾಗೆ ಎಲ್ಲರಿಗೂ ಒಂದೇ ಸ್ಥಾವರವಿದ್ದರೆ, ಕೊಳ್ಳಬೇಕಾದ ಯಂತ್ರಗಳ ಒಟ್ಟು ಗಾತ್ರವೇ ಇಳಿಯುತ್ತದೆ.

ಮೂರನೆಯದು ಕೂಡಿಟ್ಟುಕೊಳ್ಳುವ ಅನುಕೂಲ. ಇದು ಕರ್ನಾಟಕಕ್ಕೆ ಬಹಳ ಹತ್ತಿರದ ವಿಷಯ. ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಇದೆ. ಮಧ್ಯಾಹ್ನ ಸೌರ ವಿದ್ಯುತ್ ಸಮೃದ್ಧ, ಸಂಜೆ ಸೂರ್ಯ ಮುಳುಗಿದ ಮೇಲೆ ಮನೆಗಳ ಬೇಡಿಕೆ ಏರುವ ಹೊತ್ತಿಗೆ ಅದು ಇಲ್ಲ. ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿಡಲು ದುಬಾರಿ ಖರ್ಚು. ತಂಪನ್ನು ನೀರಿನ ತೊಟ್ಟಿಯಲ್ಲಿ ತುಂಬಿಡಲು ಅಷ್ಟು ಖರ್ಚಿಲ್ಲ. ಸಾವಿರ ಲೀಟರ್ ನೀರನ್ನು ಎಂಟು ಡಿಗ್ರಿಯಷ್ಟು ತಣಿಸಿಟ್ಟರೆ, ಒಂದೂವರೆ ಟನ್ನಿನ ಏಸಿ ಪೂರ್ಣ ಬಲದಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ ಓಡಿದಷ್ಟು ತಂಪು ಸಿಗುತ್ತದೆ. ಮಂಜುಗಡ್ಡೆ ಮಾಡಿಟ್ಟರೆ ಅಷ್ಟೇ ಜಾಗದಲ್ಲಿ ಸುಮಾರು ಹತ್ತು ಪಟ್ಟು. ಹಗಲಿನ ಬಿಸಿಲಿನಿಂದ ತಣ್ಣೀರು ಮಾಡಿ ಸಂಜೆ ಹಂಚುವುದು ಕನಸಿನ ಮಾತಲ್ಲ. ಅಂಥ ತೊಟ್ಟಿಗಳು ಜಗತ್ತಿನ ಹಲವು ಸ್ಥಾವರಗಳಲ್ಲಿ ದಿನವೂ ತುಂಬಿ ಖಾಲಿಯಾಗುತ್ತಿವೆ.

ಇನ್ನು ಶೀತಕ ಅನಿಲದ ಮಾತು. ಹಳೆಯ ಏಸಿಗಳಲ್ಲಿರುವ ಆರ್-22 ಅನಿಲ ಸೋರಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಆಮೇಲೆ ಬಂದ ಆರ್-410ಎ ಎರಡು ಸಾವಿರ ಪಟ್ಟು. ಸಾವಿರಾರು ಗೋಡೆಗಳ ಮೇಲಿನ ಸಾವಿರಾರು ಏಸಿಗಳಲ್ಲಿ ಸೋರಿಕೆಯನ್ನು ನೋಡುವವರಾರು? ಗ್ಯಾಸ್ ಮುಗಿದಾಗ ಮೆಕ್ಯಾನಿಕ್ ಬಂದು ತುಂಬಿ ಹೋಗುತ್ತಾನೆ, ಅಷ್ಟೇ. ಒಂದೇ ಸ್ಥಾವರದಲ್ಲಿ ಹಗಲಿರುಳು ನಿಗಾ ಇಡುವ ಸಿಬ್ಬಂದಿ ಇರುತ್ತಾರೆ. ಕಟ್ಟಡಗಳ ಒಳಕ್ಕೆ ಹೋಗುವುದು ಬರೀ ನೀರು. 2016ರ ಕಿಗಾಲಿ ಒಪ್ಪಂದದ ಪ್ರಕಾರ ಆರ್-410ಎಯಂಥ ಅನಿಲಗಳ ಬಳಕೆಯನ್ನು ಭಾರತ 2047ರ ಹೊತ್ತಿಗೆ ಶೇ 85ರಷ್ಟು ಇಳಿಸಬೇಕು.

ಈ ವ್ಯವಸ್ಥೆಯನ್ನು ದಿನಬಳಕೆಯಲ್ಲಿ ಕಂಡ ಕನ್ನಡಿಗರು ದುಬೈನಲ್ಲಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಅಲ್ಲಿ ಬಾಡಿಗೆ ಮನೆಯಲ್ಲಿರುವ ಅನೇಕರಿಗೆ ವಿದ್ಯುತ್ ಬಿಲ್ಲಿನ ಜೊತೆ ತಂಪಿನ ಬಿಲ್ಲೂ ಪ್ರತ್ಯೇಕವಾಗಿ ಬರುತ್ತದೆ. ಎಂಪವರ್, ತಬ್ರೀದ್‌ನಂಥ ಕಂಪನಿಗಳು ಕೊಲ್ಲಿ ನಾಡಿನ ಗಗನಚುಂಬಿಗಳಿಗೆ ತಣ್ಣೀರು ಹಂಚುತ್ತವೆ. ಬೇಸಿಗೆ 45 ಡಿಗ್ರಿ ದಾಟುವ ಆ ಮರಳುನಾಡಿನಲ್ಲಿ ತಂಪು ಜಾಲವಿಲ್ಲದೆ ಅಂಥ ಗೋಪುರಗಳನ್ನು ನಡೆಸುವುದು ಇನ್ನೂ ದುಬಾರಿಯಾಗುತ್ತಿತ್ತು. ಆದರೆ ಬಾಡಿಗೆದಾರರ ದೂರೂ ನ್ಯಾಯವಾದದ್ದೇ. ಬಿಲ್ಲಿನಲ್ಲಿ ಎರಡು ಭಾಗ. ಬಳಸಿದ್ದಕ್ಕೆ ಒಂದು, ನಿಮಗಾಗಿ ಕಾದಿರಿಸಿದ ಸಾಮರ್ಥ್ಯಕ್ಕೆ ಇನ್ನೊಂದು. ಮನೆಗೆ ಬೀಗ ಹಾಕಿ ರಜೆಗೆ ಊರಿಗೆ ಬಂದರೂ ಎರಡನೆಯದು ತಪ್ಪುವುದಿಲ್ಲ. ದರ ಹೆಚ್ಚಾಯಿತೆಂದು ಬೇರೆ ಕಂಪನಿಗೆ ಬದಲಾಯಿಸೋಣವೆಂದರೆ ಆ ಕಟ್ಟಡಕ್ಕೆ ಬೇರೆ ಕೊಳವೆಯೇ ಇಲ್ಲ. 2021ರಲ್ಲಿ ದುಬೈ ಆಡಳಿತ ಈ ಸೇವೆಯನ್ನು ನಿಯಂತ್ರಣದ ಚೌಕಟ್ಟಿಗೆ ತಂದಿತು. ಆ ಹೊತ್ತಿಗೆ ಕೊಳವೆಗಳೂ ಗೋಪುರಗಳೂ ಎದ್ದು ವರ್ಷಗಳೇ ಕಳೆದಿದ್ದವು.

ಸಿಂಗಪುರ ಕಲಿಸಿದ ಪಾಠ ಬೇರೆ. ಮರೀನಾ ಬೇ ವ್ಯಾಪಾರಿ ಪ್ರದೇಶದಲ್ಲಿ 2006ರಿಂದ ನೆಲದಡಿಯ ಸ್ಥಾವರಗಳು ಸದ್ದಿಲ್ಲದೆ ಕೆಲಸ ಮಾಡುತ್ತಿವೆ. ಅದನ್ನೇ ತೆಂಗಾ ಎಂಬ ಹೊಸ ಬಡಾವಣೆಯ ಸರ್ಕಾರಿ ಮನೆಗಳಿಗೆ ತಂದಾಗ, 2023ರ ಸುಮಾರಿಗೆ ಬಂದ ಮೊದಲ ನಿವಾಸಿಗಳಿಗೆ ಕೊಳವೆಗಳ ಮೇಲೆ ನೀರು ಬೆವರಿ ತೊಟ್ಟಿಕ್ಕುವುದು, ಸೋರುವುದು ಎದುರಾಯಿತು. ತೇವದ ಹವೆಯಲ್ಲಿ ಐದಾರು ಡಿಗ್ರಿಯ ಕೊಳವೆಯ ಕವಚದಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಬೆವರುವುದು ಖಚಿತ. ಒಂದು ದೊಡ್ಡ ಕಚೇರಿಗೆ ತಣ್ಣೀರು ಕೊಡುವುದೂ ಸಾವಿರಾರು ಸಣ್ಣ ಮನೆಗಳಿಗೆ ಕೊಡುವುದೂ ಒಂದೇ ಅಲ್ಲ. ನಮ್ಮ ಕರಾವಳಿಯಲ್ಲಿ ಇಂಥ ಪ್ರಯೋಗ ಮಾಡುವವರು ತೆಂಗಾದ ವರದಿಗಳನ್ನು ಮೊದಲು ಓದಬೇಕು.

ಭಾರತದಲ್ಲಿ ಮೊದಲ ತಂಪು ಜಾಲ ಬಂದದ್ದು ಗುಜರಾತಿನ ಗಿಫ್ಟ್ ಸಿಟಿಯಲ್ಲಿ, 2015ರಲ್ಲಿ, 10,000 ಟನ್ ಸಾಮರ್ಥ್ಯದೊಂದಿಗೆ. ಈ ಟನ್ ಎನ್ನುವುದು ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಹೀರುವ ಬಿಸಿಯ ಅಳತೆ, ಹೆಚ್ಚುಕಡಿಮೆ ಮೂರೂವರೆ ಕಿಲೋವಾಟ್. ನಾವು ಅಂಗಡಿಯಲ್ಲಿ ಕೇಳುವ ಒಂದೂವರೆ ಟನ್ ಏಸಿಯ ಟನ್ನೂ ಇದೇ. ಗಿಫ್ಟ್ ಸಿಟಿಗೆ ಇದ್ದ ಭಾಗ್ಯವೆಂದರೆ ಅದು ಖಾಲಿ ನೆಲದ ಮೇಲೆ ಎದ್ದ ಊರು. ರಸ್ತೆ ಹಾಕುವ ಮೊದಲೇ ಮನುಷ್ಯರು ನಡೆದು ಹೋಗಬಲ್ಲ ಸುರಂಗ ಕಟ್ಟಿ, ನೀರು, ವಿದ್ಯುತ್, ತಂಪಿನ ಕೊಳವೆಗಳನ್ನು ಅದರೊಳಗೆ ಕೂರಿಸಿದರು.

ಬೆಂಗಳೂರಿಗೆ ಆ ಭಾಗ್ಯವೂ ಇಲ್ಲ, ಬೆಲ್‌ಗ್ರಾನ್ ಕಟ್ಟಿಸಿದಂಥ ಸುರಂಗಗಳೂ ಇಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಅಗೆದು, ಪಾದಚಾರಿ ಮಾರ್ಗದ ಕೆಳಗೆ ಕೇಬಲ್ಲು, ಕೊಳವೆಗಳಿಗೆ ವ್ಯವಸ್ಥಿತ ಜಾಗ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಕವಚ ಸೇರಿ ಮೀಟರ್ ಅಗಲಕ್ಕೆ ಹತ್ತಿರವಾಗುವ ಜೋಡಿ ಕೊಳವೆಗಳಿಗೆ ಅಲ್ಲಿ ಎಡೆಯಿಲ್ಲ. ಇರುವ ಊರನ್ನೆಲ್ಲ ಅಗೆದು ಜಾಲ ಹಾಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. ಬಿಡಿಬಿಡಿ ಮನೆಗಳ ಜಯನಗರದಂಥ ಬಡಾವಣೆಗೂ, ಹರಡಿಕೊಂಡಿರುವ ಕಲಬುರಗಿ, ರಾಯಚೂರಿಗೂ ಇದು ಹೊಂದುವುದಿಲ್ಲ. ಕೊಳವೆಯ ಖರ್ಚೇ ಲಾಭವನ್ನು ತಿಂದುಹಾಕುತ್ತದೆ. ಅಲ್ಲಿಗೆ ಬೇಕಾದದ್ದು ಬಿಸಿಲನ್ನು ಹಿಂದಕ್ಕಟ್ಟುವ ಬಿಳಿ ಬಳಿದ ಮಾಳಿಗೆ, ಮರ, ದಪ್ಪ ಗೋಡೆ, ಗಾಳಿಯಾಡುವ ಕಿಟಕಿ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಬೆಂಗಳೂರಿನಲ್ಲೂ ಮೊದಲ ಮದ್ದು ಅದೇ. ಅಡಿಯಿಂದ ಮುಡಿಯವರೆಗೆ ಗಾಜು ಹೊದ್ದ ಕಚೇರಿಗೆ ಜಾಲದಿಂದ ತಂಪು ಹರಿಸುವುದಕ್ಕಿಂತ, ಅದರ ಪಡುವಣ ಗೋಡೆಗೆ ನೆರಳು ಮಾಡಿಕೊಳ್ಳಿ ಎಂದು ಹೇಳುವುದು ಮೇಲು.

ಜಾಲ ಹೊಂದುವ ಜಾಗಗಳು ಬೇರೆಯೇ ಇವೆ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು ಈಗಾಗಲೇ ತಮ್ಮ ತಮ್ಮ ಆವರಣದಲ್ಲಿ ದೊಡ್ಡ ಚಿಲ್ಲರ್ ಇಟ್ಟುಕೊಂಡಿವೆ. ನೆರೆಹೊರೆಯವರು ಕೊಳವೆ ಬೆಸೆದುಕೊಂಡರೆ ಅರ್ಧ ಜಾಲ ಸಿದ್ಧವಾದಂತೆ. ವಿಮಾನ ನಿಲ್ದಾಣದ ಸುತ್ತ ಹೊಸದಾಗಿ ಏಳುತ್ತಿರುವ ಪ್ರದೇಶದಲ್ಲಿ ರಸ್ತೆಗೆ ಮೊದಲು ಕೊಳವೆ ಎಂಬ ಕ್ರಮವನ್ನು ಈಗಲೂ ಪಾಲಿಸಬಹುದು.

ನೀರಿನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬೇಕು. ಚಿಲ್ಲರ್‌ಗಳ ಬಿಸಿಯನ್ನು ಕೂಲಿಂಗ್ ಟವರ್ ನೀರನ್ನು ಆವಿ ಮಾಡಿ ಕಳೆಯುತ್ತದೆ. ಒಂದು ಟನ್ ಸಾಮರ್ಥ್ಯ ಒಂದು ಗಂಟೆ ಪೂರ್ತಿ ದುಡಿದರೆ ಸುಮಾರು ಆರು ಲೀಟರ್ ನೀರು ಆವಿಯಾಗುತ್ತದೆ. 10,000 ಟನ್ನಿನ ಸ್ಥಾವರ ಹಗಲಿರುಳು ಪೂರ್ಣ ಬಲದಲ್ಲಿ ಓಡಿದರೂ ದಿನಕ್ಕೆ ಹದಿನಾಲ್ಕು, ಹದಿನೈದು ಲಕ್ಷ ಲೀಟರ್. ಕೊಳವೆಬಾವಿಗಳು ಬತ್ತುವ ಊರಿನಲ್ಲಿ ಕಾವೇರಿ ನೀರನ್ನು ಇದಕ್ಕೆ ಮುಟ್ಟಬಾರದು. ಆದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಸಂಸ್ಕರಿಸಿ ಹರಿಸಲು ಉದ್ದೇಶಿಸಿದ ಕೊಳಚೆ ನೀರೇ ದಿನಕ್ಕೆ 40 ಕೋಟಿ ಲೀಟರಿಗೂ ಹೆಚ್ಚು. ಅದರ ಮುಂದೆ ಸ್ಥಾವರದ ಪಾಲು ನೂರಕ್ಕೆ ಅರ್ಧವೂ ಆಗುವುದಿಲ್ಲ. ಆದರೂ ಆವಿಯಾದ ನೀರು ಕೋಲಾರದ ರೈತರಿಗೆ ಸಿಗುವುದಿಲ್ಲ, ಹಾಗಾಗಿ ಅವರ ಒಪ್ಪಿಗೆ ಇಲ್ಲದೆ ಈ ಲೆಕ್ಕ ಹಾಕಬಾರದು.

ಭಾರತದ ತಂಪು ಕ್ರಿಯಾ ಯೋಜನೆ 2019ರಲ್ಲಿ ಹೊರಬಂದಾಗ ಏಸಿ ಇದ್ದ ಮನೆಗಳು ನೂರಕ್ಕೆ ಎಂಟು. ಇಪ್ಪತ್ತು ವರ್ಷದಲ್ಲಿ ತಂಪಿನ ಒಟ್ಟು ಬೇಡಿಕೆ ಎಂಟು ಪಟ್ಟಾಗಬಹುದು ಎಂದು ಅದೇ ಯೋಜನೆ ಅಂದಾಜು ಮಾಡಿತ್ತು. ಆ ಬೇಡಿಕೆ ಬರುವ ಕಟ್ಟಡಗಳಲ್ಲಿ ಹೆಚ್ಚಿನವು ಇನ್ನೂ ಎದ್ದಿಲ್ಲ. ಆದರೆ ದುಬೈನ ಬಾಡಿಗೆದಾರರ ಪಾಡು ನಮಗೆ ಬಾರದಂತೆ ದರದ ಮೇಲೂ ಹಿಡಿತ ಬೇಕು. ವಿದ್ಯುತ್ ದರ ನಿಗದಿ ಮಾಡಲು ನಮ್ಮಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ, ಅಲ್ಲಿ ಸಾಮಾನ್ಯರೂ ಹೋಗಿ ಆಕ್ಷೇಪ ಸಲ್ಲಿಸಬಹುದು. ತಂಪಿನ ದರಕ್ಕೆ ಅಂಥ ವೇದಿಕೆ ಇಲ್ಲ. ಮೊದಲ ಕೊಳವೆ ನೆಲಕ್ಕಿಳಿಯುವ ಮುನ್ನ ಅದು ಇರಬೇಕು.

ಆ ಮೊದಲ ಕೊಳವೆ ಎಲ್ಲಿಳಿಯಬೇಕೆಂದು ಕೇಳಿದರೆ ನಾನು ಟೆಕ್ ಪಾರ್ಕಿನ ಹೆಸರು ಹೇಳುವುದಿಲ್ಲ. ಹೊಸೂರು ರಸ್ತೆಯ ಪಕ್ಕದಲ್ಲಿ ನಿಮ್ಹಾನ್ಸ್, ಕಿದ್ವಾಯಿ ಗಂಥಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನೆರೆಹೊರೆಯಲ್ಲೇ ಇವೆ. ಎಲ್ಲವೂ ಸಾರ್ವಜನಿಕ ಸಂಸ್ಥೆಗಳು, ಎಲ್ಲಕ್ಕೂ ಹಗಲಿರುಳು ತಂಪು ಬೇಕು, ನಡುವೆ ದಾಟಬೇಕಾದ ದೂರ ಕಡಿಮೆ. ಶಸ್ತ್ರಚಿಕಿತ್ಸಾ ಕೊಠಡಿಗೂ ಸ್ಕ್ಯಾನಿಂಗ್ ಯಂತ್ರಕ್ಕೂ ಸಿಗುವ ತಂಪನ್ನು, ಫ್ಯಾನಿನ ಕೆಳಗೆ ಬೆವರುವ ಜನರಲ್ ವಾರ್ಡಿನವರೆಗೂ ಒಯ್ಯಲು ಒಂದು ಸ್ಥಾವರ, ಒಂದು ತಣ್ಣೀರಿನ ತೊಟ್ಟಿ, ಸಂಸ್ಕರಿಸಿದ ನೀರಿನ ಒಂದು ಸಂಪರ್ಕ ಬೇಕು. ವರ್ಷ ತುಂಬಿದ ಮೇಲೆ ಹಳೆಯ ಮತ್ತು ಹೊಸ ವಿದ್ಯುತ್ ಬಿಲ್ಲುಗಳನ್ನು ಸರ್ಕಾರ ಜನರ ಮುಂದಿಡಲಿ.